ನಿಂದಾಶಬ್ದಗಳ ದುರವಸ್ಥೆ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ಬೆಳೆಗಾರನು ಬ್ಯಾರನ್ನಿನಲ್ಲಿ ಬೇಯಿಸಿ ಇಳಿಸಿದ ಸೊಪ್ಪನ್ನು ಎಂದಿಗೂ ಒಂದೇ ಬೇಲಿನಲ್ಲಿ ಕಟ್ಟುವುದಿಲ್ಲ. ಗಿಡದ ಬುಡದ ಎಲೆ ಬೇರೆ, ನಡುವಿನದು ಬೇರೆ, ತುದಿಯದು ಬೇರೆ. ಹಳದಿಗೆ ತಿರುಗಿದ್ದು ಬೇರೆ, ಕಂದಿದ್ದು ಬೇರೆ, ಹಸುರು ಉಳಿದದ್ದು ಬೇರೆ. ಮನೆಮಂದಿಯೆಲ್ಲ ಜಗಲಿಯಲ್ಲಿ ಕುಳಿತು ಎಲೆಯೆಲೆಯನ್ನೂ ಬೆಳಕಿಗೆ ಹಿಡಿದು ನೋಡಿ ವಿಂಗಡಿಸಿದ ಮೇಲೆಯೇ ಅದು ಕಟ್ಟೆಮಳಲವಾಡಿಯ ಅಥವಾ ಕಂಪಲಾಪುರದ ಹರಾಜುಕಟ್ಟೆಗೆ ಹೋಗುವುದು. ಎಲೆ ಬೆರೆತರೆ ಬೆಲೆ ಬೀಳುವುದೆಂಬುದನ್ನು ಅಕ್ಷರವರಿಯದವನೂ ಬಲ್ಲನು. ಅದೇ ತಾಲ್ಲೂಕುಗಳ ವಿದ್ಯಾವಂತನು ಮಾತ್ರ, ಪರರ ದೋಷವನ್ನು ಕುರಿತು ಆಡುವ ಮಾತುಗಳಷ್ಟನ್ನೂ ಒಂದೇ ಬೇಲಿನಲ್ಲಿ ಬಿಗಿದು, ಮೇಲೆ ‘ಟೀಕೆ’ ಎಂಬ ಒಂದು ಚೀಟಿಯನ್ನಂಟಿಸಿ ಕೃತಕೃತ್ಯನಾಗಿರುವನು.

ಇದು ಹೇಗೆಂದರೆ: ಸಹಕಾರ ಸಂಘದ ಲೆಕ್ಕದಲ್ಲಿ ಇಷ್ಟು ರೂಪಾಯಿ ಕಾಣುವುದಿಲ್ಲವೆಂದು ಸರ್ವಸದಸ್ಯರ ಸಭೆಯಲ್ಲಿ ಎದ್ದುನಿಂತು ಹೇಳಿದವನು ‘ಟೀಕಿಸಿದನು’. ಆ ಸಂಘದ ಕಾರ್ಯದರ್ಶಿಯ ಮಗಳ ಮದುವೆಯ ಮಾತು ಮುರಿದುದೇಕೆಂದು ಹೋಟೆಲಿನ ಮೂಲೆಯಲ್ಲಿ ಕಣ್ಣು ಮಿಟುಕಿಸಿ ನಕ್ಕವನೂ ‘ಟೀಕಿಸಿದನು’. ಹೊಸದಾಗಿ ಅಚ್ಚಾದ ಕವನಸಂಕಲನದಲ್ಲಿ ಛಂದಸ್ಸು ಕುಂಟುವ ಸ್ಥಳವನ್ನು ತೋರಿಸಿದವನೂ ‘ಟೀಕಿಸಿದನು’. ಇವರ ನಡುವೆ ಒಬ್ಬನು ಮಾತ್ರ ಈ ಚೀಟಿಯಿಂದ ತಪ್ಪಿಸಿಕೊಂಡಿರುವನು. ಸಹೋದ್ಯೋಗಿಯ ಮೇಲೆ ಇಲ್ಲದ್ದನ್ನು ಕಟ್ಟಿ ಮೇಲಧಿಕಾರಿಯ ಕಿವಿಯಲ್ಲಿ ಊದಿ ಬಂದವನು ಟೀಕಿಸಿದವನಲ್ಲ. ಅವನು ‘ವಾಸ್ತವಾಂಶವನ್ನು ಗಮನಕ್ಕೆ ತಂದವನು’. ಹೀಗೆ ಎದುರಿಗೆ ನಿಂತು ನಿಜವನ್ನು ನುಡಿದವನಿಗೆ ಕೆಟ್ಟ ಹೆಸರೂ, ಮರೆಯಲ್ಲಿ ಸುಳ್ಳನ್ನು ನುಡಿದವನಿಗೆ ಒಳ್ಳೆಯ ಹೆಸರೂ ದೊರೆಯುವ ಸ್ಥಿತಿಯು ಬಂದಿರುವಾಗ, ಶಬ್ದಗಳ ವಿಚಾರವು ಕೇವಲ ಪಂಡಿತರ ಕಾಲಕ್ಷೇಪವೆಂದು ತಳ್ಳಿಬಿಡುವುದು ನ್ಯಾಯವಲ್ಲ.

ಮೊದಲು ಟೀಕೆಯ ಮಾತನ್ನೇ ನೋಡಬಹುದು. ಟೀಕೆಯೆಂದರೆ ವ್ಯಾಖ್ಯಾನ. ಕಾಳಿದಾಸನ ಕಾವ್ಯಗಳಿಗೆ ಮಲ್ಲಿನಾಥನು ಬರೆದುದು ಟೀಕೆ. ಅಮರಕೋಶಕ್ಕೆ ನಾಚಿರಾಜನು ಕನ್ನಡದಲ್ಲಿ ಬರೆದುದು ಟೀಕೆ. ಹಳೆಯ ಮುದ್ರಣಗಳ ಮುಖಪತ್ರದಲ್ಲಿ ‘ಟೀಕು ತಾತ್ಪರ್ಯ ಸಹಿತ’ ಎಂದಿದ್ದರೆ ಗ್ರಂಥಕರ್ತನನ್ನು ಯಾರೋ ಬೈದಿರುವರೆಂದು ಯಾವ ವಾಚಕನೂ ಭಾವಿಸುತ್ತಿರಲಿಲ್ಲ. ಮೂಲದಲ್ಲಿಲ್ಲದುದನ್ನು ಬರೆಯುವುದಿಲ್ಲ, ಬೇಡದುದನ್ನು ಹೇಳುವುದಿಲ್ಲ ಎಂಬುದು ಮಲ್ಲಿನಾಥನು ತನಗೆ ತಾನೇ ಹಾಕಿಕೊಂಡ ಕಟ್ಟು. ಇಂದು ‘ಟೀಕಾಕಾರ’ನೆನ್ನಿಸಿಕೊಂಡವನಲ್ಲಿ ಈ ಎರಡು ನಿಯಮಗಳಲ್ಲಿ ಒಂದಾದರೂ ಉಳಿದಿದೆಯೇ ಎಂಬುದನ್ನು ವಾಚಕರೇ ಬಲ್ಲರು. ಭಾಷೆಯಲ್ಲಿ ಅರ್ಥ ಬದಲಾಗುವುದು ಸಹಜ. ಬದಲಾಗಬಾರದೆಂದು ಹಟ ಹಿಡಿಯುವುದು ಹುಚ್ಚು. ಆದರೆ ಒಂದು ಶಬ್ದವು ತನ್ನ ಹೊಲವನ್ನು ಬಿಟ್ಟು ಬಂದು ಹತ್ತು ಜನರ ಹೊಲಗಳನ್ನು ನುಂಗಿ ಕುಳಿತರೆ, ಅದನ್ನು ಬೆಳವಣಿಗೆಯೆನ್ನಲಾಗದು, ಅದು ಒತ್ತುವರಿ.

ಹಾಗೆ ಒತ್ತುವರಿಯಾದ ಹೊಲಗಳಾವುವು? ಪಾಠಶಾಲೆಯ ಮಕ್ಕಳು ಉರುಹೊಡೆಯುತ್ತಿದ್ದ ಅಮರಕೋಶದ ಮೊದಲನೆಯ ಕಾಂಡದಲ್ಲಿ, ಶಬ್ದಾದಿವರ್ಗದಲ್ಲಿ, ನಿಂದೆಗೆ ಹತ್ತು ಹೆಸರುಗಳುಂಟು: ಅವರ್ಣ, ಆಕ್ಷೇಪ, ನಿರ್ವಾದ, ಪರೀವಾದ, ಅಪವಾದ, ಉಪಕ್ರೋಶ, ಜುಗುಪ್ಸೆ, ಕುತ್ಸೆ, ನಿಂದೆ, ಗರ್ಹಣ. ‘ಅಮರಸಿಂಹನೇ ಹತ್ತನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿರುವನಲ್ಲ, ಇಂದಿನವರ ಮೇಲೆ ದೋಷವೇಕೆ?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆಯು ಸಮಂಜಸವಾದುದೇ. ಕೋಶವು ನೆನಪಿಗಾಗಿ ಗುಂಪು ಮಾಡುವುದು. ಬಳಕೆಯು ಗುಂಪನ್ನು ಬಿಡಿಸುವುದು. ಅಲ್ಲದೆ ಅಮರನು ಅಲ್ಲಿಯೇ ಮುಂದುವರಿದು ಬೆದರಿಕೆಯ ಮಾತಿಗೆ ಭರ್ತ್ಸನವೆಂದೂ, ನಿಂದೆಯು ಬೆರೆತ ಉಪಾಲಂಭಕ್ಕೆ ಪರಿಭಾಷಣವೆಂದೂ, ವ್ಯಭಿಚಾರವನ್ನಾರೋಪಿಸಿ ಬೈಯುವುದಕ್ಕೆ ಆಕ್ಷಾರಣೆಯೆಂದೂ ಬೇರೆಬೇರೆ ಹೆಸರುಗಳನ್ನು ಕೊಟ್ಟಿರುವನು. ನಿಂದೆಯು ಬೆರೆತ ಉಪಾಲಂಭಕ್ಕೆ ಪ್ರತ್ಯೇಕವಾದ ಹೆಸರು ಬೇಕಾಯಿತೆಂದರೆ, ನಿಂದೆಯಿಲ್ಲದ ಉಪಾಲಂಭವೂ ಒಂದುಂಟೆಂದಾಯಿತಷ್ಟೆ. ‘ನೀನು ಹೀಗೆ ಮಾಡಬಹುದಾಗಿತ್ತೇ?’ ಎಂದು ಸ್ನೇಹಿತನನ್ನು ಕೇಳುವುದು ಉಪಾಲಂಭ, ‘ನಿನ್ನಂಥವನಿಂದ ಇನ್ನೇನಾದೀತು!’ ಎಂದು ಕೂಡಿಸಿದೊಡನೆ ಅದು ಪರಿಭಾಷಣ. ಈ ಎರಡು ವಾಕ್ಯಗಳ ನಡುವಣ ಅಂತರವೇ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಕೂಡಿ ಉಣ್ಣುವುದಕ್ಕೂ ಪಾಲಾಗುವುದಕ್ಕೂ ನಡುವಣ ಅಂತರ.

ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಗುರುವಿನ ಪರಿವಾದವಾಗಲಿ ನಿಂದೆಯಾಗಲಿ ನಡೆಯುವೆಡೆಯಲ್ಲಿ ಶಿಷ್ಯನು ಕಿವಿ ಮುಚ್ಚಿಕೊಳ್ಳಬೇಕು ಇಲ್ಲವೆ ಎದ್ದುಹೋಗಬೇಕೆಂಬ ವಿಧಿಯೊಂದಿದೆ. ವಿಧಿಯ ಮಾತು ಮುಂದೆ ಬರುವುದು. ಇಲ್ಲಿ ನೋಡತಕ್ಕದ್ದು ಕುಲ್ಲೂಕಭಟ್ಟನ ವ್ಯಾಖ್ಯಾನ. ಇರುವ ದೋಷವನ್ನು ಹೇಳುವುದು ಪರಿವಾದ, ಇಲ್ಲದ ದೋಷವನ್ನು ಹೇಳುವುದು ನಿಂದೆ ಎಂದು ಅವನು ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸುವನು. ಈ ಒಂದು ಗೆರೆಯನ್ನು ಇಂದಿನ ವಿದ್ಯಾವಂತ ಕನ್ನಡವು ಅಳಿಸಿಹಾಕಿದೆ. ‘ನನ್ನನ್ನು ನಿಂದಿಸಿದರು’ ಎಂದು ಅಲವತ್ತುಕೊಳ್ಳುವವನನ್ನು, ‘ಅಯ್ಯಾ, ಅದು ನಿಂದೆಯೋ ಪರಿವಾದವೋ?’ ಎಂದು ಕೇಳುವ ಪದ್ಧತಿಯೊಂದಿದ್ದರೆ, ಅವನ ಅಲವರಿಕೆಯ ಅರ್ಧವು ಅಲ್ಲಿಯೇ ನಿಂತುಹೋಗುತ್ತಿತ್ತು.

ಶಾಸನಕಾರರಿಗೂ ಈ ಭೇದವು ಬೇಕಾಗಿತ್ತೆಂಬುದಕ್ಕೆ ಸಾಕ್ಷ್ಯವು ಮೈಸೂರಿನಲ್ಲಿಯೇ ದೊರೆಯಿತು. 1891ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಲೋಕಕ್ಕೆ ಕೊಟ್ಟರು. ಶಾಸ್ತ್ರಿಗಳ ಹುಟ್ಟೂರಾದ ರುದ್ರಪಟ್ಟಣವು ಕಾವೇರಿಯ ದಡದಲ್ಲಿ, ಕೃಷ್ಣರಾಜನಗರದ ಸೀಮೆಯಿಂದ ಬಹು ದೂರವೇನಲ್ಲ. ಅರ್ಥಶಾಸ್ತ್ರವೆಂದೊಡನೆ ಗೂಢಚಾರರನ್ನೂ ವಿಷಪ್ರಯೋಗವನ್ನೂ ನೆನೆಯುವವರು ಅದರ ಮೂರನೆಯ ಅಧಿಕರಣದ ಹದಿನೆಂಟನೆಯ ಅಧ್ಯಾಯವನ್ನು ಓದಬೇಕು. ಅದರ ವಿಷಯವು ವಾಕ್ಪಾರುಷ್ಯ. ಉಪವಾದ, ಕುತ್ಸನ, ಅಭಿಭರ್ತ್ಸನವೆಂದು ಅದನ್ನು ಮೂರಾಗಿ ಒಡೆದ ಮೇಲೆ ಕೌಟಿಲ್ಯನು ದಂಡವನ್ನು ವಿಧಿಸುವನು. ಕುರುಡನನ್ನು ಕುರುಡನೆಂದೂ ಕುಂಟನನ್ನು ಕುಂಟನೆಂದೂ ಹಳಿದರೆ, ಮಾತು ನಿಜವಾದರೂ ಮೂರು ಪಣ. ಸುಳ್ಳಾದರೆ ಆರು ಪಣ. ಆದರೆ ಕಣ್ಣಿಲ್ಲದವನನ್ನು ‘ಎಂಥ ಚೆಲುವಾದ ಕಣ್ಣುಗಳು!’ ಎಂದು ಹೊಗಳುವ ನೆಪದಲ್ಲಿ ಚುಚ್ಚಿದರೆ ಹನ್ನೆರಡು ಪಣ.

ಈ ಮೂರು, ಆರು, ಹನ್ನೆರಡುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಅವಶ್ಯ. ಸುಳ್ಳಿಗಿಂತಲೂ ಹುಸಿಹೊಗಳಿಕೆಗೆ ಇಮ್ಮಡಿ ದಂಡವೇಕೆ? ಸುಳ್ಳು ಹೇಳಿದವನನ್ನು ‘ಇದು ಸುಳ್ಳು’ ಎಂದು ಎದುರಿಸಬಹುದು. ಹೊಗಳುವಂತೆ ನಟಿಸಿ ನೋಯಿಸಿದವನನ್ನು ಎದುರಿಸಹೋದರೆ ‘ಹೊಗಳಿದೆನಲ್ಲ!’ ಎಂದು ನುಣುಚಿಕೊಳ್ಳುವನು, ನೊಂದವನೇ ನಗೆಗೀಡಾಗುವನು. ಆಲಂಕಾರಿಕರು ಈ ಬಗೆಯನ್ನು ವ್ಯಾಜಸ್ತುತಿಯೆಂದು ಕರೆದು ಕವಿಗೆ ಅಲಂಕಾರವಾಗಿ ಕೊಟ್ಟರು. ಕೌಟಿಲ್ಯನು ಅದನ್ನೇ ಬೀದಿಯಲ್ಲಿ ಅಪರಾಧವಾಗಿ ಕಂಡನು. ಇಬ್ಬರೂ ಸರಿಯೇ. 1860ರ ಭಾರತೀಯ ದಂಡಸಂಹಿತೆಯ 499ನೆಯ ಪ್ರಕರಣವೂ, 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ 356ನೆಯ ಪ್ರಕರಣವೂ, ವ್ಯಂಗ್ಯವಾಗಿ ಹೇಳಿದ ಆರೋಪವೂ ಮಾನಹಾನಿಯಾಗಬಹುದೆಂದು ಸ್ಪಷ್ಟವಾಗಿ ವಿವರಿಸಿವೆ. ಆ ಪ್ರಕರಣಗಳ ಮೊದಲನೆಯ ಅಪವಾದವು ಇನ್ನೂ ಗಮನಾರ್ಹವಾದುದು: ಮಾತು ನಿಜವಾಗಿದ್ದರಷ್ಟೇ ಸಾಲದು, ಅದನ್ನು ಹೇಳುವುದು ಸಾರ್ವಜನಿಕರ ಹಿತಕ್ಕಾಗಿಯೂ ಇರಬೇಕು. (ಇಲ್ಲಿ ಅಪವಾದವೆಂದರೆ ವೈಯಾಕರಣರು ಉತ್ಸರ್ಗಕ್ಕೆ ಎದುರಾಗಿ ಹೇಳುವ ಅಪವಾದ, ನಿಂದೆಯ ವಿಷಯದಲ್ಲಿ ಅಪವಾದವೆಂಬ ಶಬ್ದವೇ ರಕ್ಷಣೆಯಾಗಿ ನಿಂತಿರುವುದು ಭಾಷೆಯ ಒಂದು ವಿನೋದ.) ಅರ್ಥಶಾಸ್ತ್ರದ ದಂಡಗಳು ವರ್ಣಕ್ಕೆ ತಕ್ಕಂತೆ ಏರಿಳಿಯುತ್ತಿದ್ದುದೂ ನಿಜ, ಆ ತಾರತಮ್ಯವನ್ನು ಇಂದು ಸಮರ್ಥಿಸುವವನು ಶಾಸ್ತ್ರವನ್ನೂ ಅರಿಯನು, ಕಾಲವನ್ನೂ ಅರಿಯನು. ಆದರೆ ಮಾತಿನ ಗಾಯಗಳನ್ನು ತೂಗಿನೋಡುವ ತಕ್ಕಡಿಯೊಂದು ಅಲ್ಲಿದ್ದಿತೆಂಬುದನ್ನು ಮರೆಯುವುದೂ ಸಲ್ಲದು.

ಅದೇ ಅಧ್ಯಾಯವು ಒಬ್ಬನ ನಾಡನ್ನು ಹೀಗಳೆಯುವುದನ್ನೂ ಉಪವಾದವೆಂದೇ ಎಣಿಸುವುದು. ಗಾಂಧಾರದವರನ್ನು ಅಲ್ಲಿ ಉದಾಹರಿಸಿದೆ. ಗಾಂಧಾರವು ದೂರವಾಯಿತು. ಕೋಟೆಯ ಹಾಡಿಗಳಿಂದ ಬಂದ ಜೇನುಕುರುಬರ, ಬೆಟ್ಟಕುರುಬರ ಮಕ್ಕಳನ್ನು ಪೇಟೆಯ ಮಕ್ಕಳು ಯಾವ ಹೆಸರಿನಿಂದ ಕೂಗುವರೆಂಬುದು ಬಹಳ ಹತ್ತಿರದ್ದು. ಅಲ್ಲಿ ಬೈಗುಳಕ್ಕೆ ಬೇರೆ ಶಬ್ದವೇ ಬೇಕಿಲ್ಲ. ಜನರ ಹೆಸರೂ ಕಾಡೆಂಬ ಮಾತೂ ಒಂದು ಬಗೆಯ ಧ್ವನಿಯಲ್ಲಿ ಹೊರಟರೆ ಸಾಕು. 1989ರ ಅನುಸೂಚಿತ ಜಾತಿ ಮತ್ತು ಬುಡಕಟ್ಟುಗಳ ದೌರ್ಜನ್ಯ ತಡೆ ಕಾನೂನು ಈ ಅವಮಾನವನ್ನು ಅಪರಾಧವೆಂದಿದೆ. ಮನೆಯ ಊಟದೆಲೆಯ ಮುಂದೆ ಅದಿನ್ನೂ ‘ತಮಾಷೆ’ಯಾಗಿಯೇ ಇದೆ.

ಇನ್ನು ಚಾಡಿಕೋರನ ವಿಚಾರ. ಮರಾಠಿಯಲ್ಲಿ ಚಹಾಡಿ, ತೆಲುಗಿನಲ್ಲಿ ಚಾಡಿ. ಈ ಸರಕಿಗೆ ಗಡಿಯಿಲ್ಲ. ಸಂಸ್ಕೃತದಲ್ಲಿ ಅವನು ಪಿಶುನ, ಸೂಚಕ, ಕರ್ಣೇಜಪ. ಕರ್ಣೇಜಪನೆಂದರೆ ಕಿವಿಯಲ್ಲಿ ಜಪ ಮಾಡುವವನು. ಪಾಣಿನಿಯ ಮೂರನೆಯ ಅಧ್ಯಾಯದ ಎರಡನೆಯ ಪಾದದ ಹದಿಮೂರನೆಯ ಸೂತ್ರವು ಈ ಶಬ್ದವನ್ನು ಸಾಧಿಸುವುದು. ವಿಚಿತ್ರವೇನೆಂದರೆ ಅದೇ ಸೂತ್ರವು ಆನೆಯ ಹೆಸರಾದ ಸ್ತಂಬೇರಮವನ್ನೂ ಸಾಧಿಸುವುದು. ಹುಲ್ಲಿನ ಮೆಳೆಯಲ್ಲಿ ನಲಿಯುವುದು ಸ್ತಂಬೇರಮ, ಕಿವಿಯಲ್ಲಿ ಪಿಸುಗುಟ್ಟುವವನು ಕರ್ಣೇಜಪ. ಎರಡರಲ್ಲಿಯೂ ಸಪ್ತಮೀವಿಭಕ್ತಿಯು ಸಮಾಸದೊಳಗೆ ಅಳಿಯದೆ ಉಳಿದಿದೆ. ಕಬಿನಿಯ ಹಿನ್ನೀರು ಬೇಸಗೆಯಲ್ಲಿ ಇಳಿದು ದಡದಲ್ಲಿ ಹಸುರು ಹುಲ್ಲು ಮೂಡಿದಾಗ ಕಾಕನಕೋಟೆಯ ಕಡೆಯ ಆನೆಯ ಹಿಂಡುಗಳು ಬಂದು ಮೇಯುವುದನ್ನು ಕಂಡವರಿಗೆ ಸ್ತಂಬೇರಮದ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಕರ್ಣೇಜಪನನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಈ ಶಬ್ದಗಳು ಆನೆಗೂ ಚಾಡಿಕೋರನಿಗೂ ಮಾತ್ರ ಸಲ್ಲುವುವೆಂದು ವಾರ್ತಿಕಕಾರನು ಎಲ್ಲೆಯನ್ನು ಕಟ್ಟಿರುವನು. ಹುಲ್ಲಿನಲ್ಲಿ ನಲಿಯುವ ಹಸುವು ಸ್ತಂಬೇರಮವಲ್ಲ; ಮಗುವಿನ ಕಿವಿಯಲ್ಲಿ ಹೆಸರನ್ನುಸುರುವ ತಂದೆಯು ಕರ್ಣೇಜಪನಲ್ಲ; ಕಿವಿಯ ಬಳಿ ಗುಂಯ್‌ಗುಟ್ಟುವ ಸೊಳ್ಳೆಯೂ ಅಲ್ಲ. ಪಿಸುಮಾತೆಲ್ಲವೂ ಚಾಡಿಯಲ್ಲವೆಂದು ವೈಯಾಕರಣರು ಅಷ್ಟು ಹಿಂದೆಯೇ ಎಚ್ಚರಿಕೆ ವಹಿಸಿದ್ದರು.

ಸಂಸ್ಕೃತದ ಶಬ್ದಗಳಿಂದಲೇ ಎಲ್ಲವೂ ನೆರವೇರುವುದೆಂದು ಯಾರೂ ತಿಳಿಯಬಾರದು. ನಿಜವಾಗಿ ಹೇಳುವುದಾದರೆ, ಸಂಸ್ಕೃತ ಶಬ್ದವು ಇಂದು ದುರುಪಯೋಗಕ್ಕೆ ಹೆಚ್ಚು ಅನುಕೂಲವಾಗಿದೆ. ಕನ್ನಡದಲ್ಲಿ ಬೈದರೆ ಬೈಗುಳ, ಸಂಸ್ಕೃತದಲ್ಲಿ ಬೈದರೆ ನಿರ್ಣಯ. ‘ಅವನು ಕಳ್ಳ’ ಎಂದು ಹೇಳಲು ಅಂಜುವ ಸಭೆಯು ‘ಸದರಿಯವರ ವರ್ತನೆಯು ಶಂಕಾಸ್ಪದವಾಗಿದ್ದು ಖಂಡನೀಯ’ ಎಂದು ಕೈಯೆತ್ತಿ ಅಂಗೀಕರಿಸುವುದು. ಆಧಾರವೇನೆಂದು ಒಬ್ಬನೂ ಕೇಳುವುದಿಲ್ಲ. ಶಿಷ್ಟಪದದ ಮಡಿಯನ್ನುಟ್ಟುಕೊಂಡರೆ ಸುಳ್ಳಿನ ಮೈಲಿಗೆಯು ಹೋಗುವುದಿಲ್ಲ. ಖಂಡನವೆಂಬುದು ತರ್ಕಶಾಸ್ತ್ರದ ಮಾತು. ಎದುರಾಳಿಯ ವಾದವನ್ನು ಮೊದಲು ಪೂರ್ವಪಕ್ಷವಾಗಿ ಅವನಿಗಿಂತಲೂ ಚೆನ್ನಾಗಿ ಹೇಳಿ, ಬಳಿಕ ಹೇತುಗಳಿಂದ ಮುರಿಯುವುದು ಖಂಡನ. ಪೂರ್ವಪಕ್ಷವಿಲ್ಲದ ಖಂಡನವು ಗಂಟಲಿನ ವ್ಯಾಯಾಮ.

ಇದಕ್ಕೆ ಹೋಲಿಸಿದರೆ ಮನೆಯ ಹೆಂಗಸರ, ಹೊಲದ ಆಳುಗಳ, ಸಂತೆಯ ವ್ಯಾಪಾರಿಗಳ ಕನ್ನಡವು ಎಷ್ಟು ಹದವಾಗಿದೆ! ಕೊಟ್ಟ ಉಪಕಾರವನ್ನು ನೆನಪಿಸಿ ನೋಯಿಸುವುದು ಹಂಗಿಸುವುದು. ಕೈಲಾಗದುದನ್ನು ಎತ್ತಿ ಕೆರಳಿಸುವುದು ಮೂದಲಿಸುವುದು. ಹಳೆಯ ತಪ್ಪನ್ನು ಹೊಸ ಜಗಳಕ್ಕೆ ತರುವುದು ಎತ್ತಿಯಾಡುವುದು. ಕೂಡಿರುವ ಇಬ್ಬರನ್ನು ಕೆಡಿಸುವುದು ಹುಳಿ ಹಿಂಡುವುದು. ಹೇಳಿದ್ದನ್ನೆಲ್ಲ ನಂಬುವವನಿಗೆ ಹಿತ್ತಾಳೆಕಿವಿ. ಹಳಿಯುವುದು, ತೆಗಳುವುದು, ಜರೆಯುವುದು, ಹೀಯಾಳಿಸುವುದು ಒಂದೊಂದೂ ಬೇರೆ. ಬಸವಣ್ಣನವರು ಪ್ರಸಿದ್ಧವಾದ ಒಂದು ವಚನದಲ್ಲಿ ಬೇಡವೆಂದುದು ಎದುರಿನವರನ್ನು ಹಳಿಯುವುದನ್ನು. ತಾವೇ ತಮ್ಮ ಕಾಲದ ಡಂಭವನ್ನು ಎಷ್ಟು ಕಠಿನವಾಗಿ ತೋರಿಸಿಕೊಟ್ಟರೆಂಬುದು ವಾಚಕರಿಗೆ ವಿದಿತವೇ ಇದೆ. ಹಳಿಯುವುದಕ್ಕೂ ತೋರಿಸಿಕೊಡುವುದಕ್ಕೂ ಭೇದವಿಲ್ಲವೆಂದರೆ ಆ ವಚನಕಾರರೇ ಸಿಕ್ಕಿಬೀಳುವರು.

ಈ ಪೈಕಿ ‘ಆಡಿಕೊಳ್ಳು’ ಎಂಬ ಕ್ರಿಯಾಪದಕ್ಕೆ ಸಮನಾದುದು ಅಮರಕೋಶದ ಹತ್ತರಲ್ಲಿಯೂ ಇಲ್ಲ. ಆಡುವುದು ಬೇರೆ, ಆಡಿಕೊಳ್ಳುವುದು ಬೇರೆ. ‘ಕೊಳ್ಳು’ ಎಂಬುದು ಸೇರಿದೊಡನೆ ಮಾತಿನ ಫಲವು ಆಡಿದವನಿಗೇ ಸಲ್ಲುವುದು. ಉಂಡುಕೊಂಡ, ಹೊದ್ದುಕೊಂಡ ಎನ್ನುವಂತೆ ಆಡಿಕೊಂಡ. ಪರರ ದೋಷವು ಅಲ್ಲಿ ತಿದ್ದುವುದಕ್ಕಾಗಿ ಬಂದುದಲ್ಲ, ಆಡುವವರ ಬಾಯಿರುಚಿಗಾಗಿ ಬಂದುದು. ಆಡಿಕೊಳ್ಳುವವರ ಮುಂದೆ ಎಡವಿಬಿದ್ದಂತೆ ಎಂಬ ಗಾದೆಯಲ್ಲಿ ಎಡವಿದ್ದೂ ನಿಜ, ಬಿದ್ದದ್ದೂ ನಿಜ. ಆದರೂ ಗಾದೆಯ ಕನಿಕರವು ಬಿದ್ದವನ ಕಡೆಗೇ ಇದೆ. ನಿಜವೆಂಬ ಒಂದೇ ಕಾರಣದಿಂದ ಮಾತು ಒಳ್ಳೆಯದಾಗದೆಂಬ ತತ್ವವನ್ನು ಶಾಸನಕಾರರು ಪ್ರಕರಣ, ವಿವರಣೆ, ಅಪವಾದಗಳಲ್ಲಿ ಹೇಳಿದರೆ, ಗಾದೆಯು ನಾಲ್ಕೇ ಮಾತುಗಳಲ್ಲಿ ಹೇಳಿ ಮುಗಿಸಿದೆ.

ವಾಟ್ಸ್ಯಾಪ್ ಗುಂಪುಗಳು ಬಂದ ಮೇಲೆ ಆಡಿಕೊಳ್ಳುವ ಜಗಲಿಗೆ ಗೋಡೆಯಿಲ್ಲದಂತಾಗಿದೆ. ಅಲ್ಲಿ ನಡೆಯುವುದಕ್ಕೆ ಸರಿಯಾದ ಹೆಸರು ಲೋಕಾಪವಾದ. ಸೀತೆಯ ಮೇಲಿನ ಮಾತನ್ನು ಮೊದಲು ಆಡಿದವನಾರೆಂಬುದು ತಿಳಿಯದು. ಆದುದರಿಂದಲೇ ಅದಕ್ಕೆ ಉತ್ತರ ಕೊಡುವಂತೆಯೂ ಇರಲಿಲ್ಲ. ಭವಭೂತಿಯ ಉತ್ತರರಾಮಚರಿತದಲ್ಲಿ ಚಾರನಾದ ದುರ್ಮುಖನು ಆ ಸುದ್ದಿಯನ್ನು ರಾಮನ ಕಿವಿಯಲ್ಲಿಯೇ ಹೇಳುವನು. ಹೇಳಬೇಕಾಗಿ ಬಂದುದಕ್ಕೆ ಅವನು ನೊಂದುಕೊಳ್ಳುವನು. ಕೇಳಿಬರುವುದೇ ಅವನಿಗೆ ವಹಿಸಿದ ಕೆಲಸ. ಆದಕಾರಣ ಅವನು ಪಿಶುನನಲ್ಲ. ‘ಬಂದದ್ದನ್ನು ಮುಂದೆ ಕಳುಹಿಸಿದೆ, ಅಷ್ಟೆ’ ಎನ್ನುವವನಿಗೆ ದುರ್ಮುಖನ ಹೊಣೆಯೂ ಇಲ್ಲ, ನೋವೂ ಇಲ್ಲ.

ಅಧಿಕಾರದಲ್ಲಿರುವವರ ಪ್ರಿಯಶಬ್ದವೊಂದಿದೆ: ತೇಜೋವಧೆ. ಲೆಕ್ಕ ಕೇಳಿದರೆ ತೇಜೋವಧೆ, ರಸ್ತೆಯ ಗುಂಡಿಯನ್ನು ತೋರಿಸಿದರೆ ತೇಜೋವಧೆ. ಈ ಶಬ್ದದ ಮೂಲವನ್ನು ಅವರಿಗೆ ಯಾರಾದರೂ ತಿಳಿಸಬೇಕು. ಮಹಾಭಾರತದ ಉದ್ಯೋಗಪರ್ವದಲ್ಲಿ, ದುರ್ಯೋಧನನ ಆತಿಥ್ಯಕ್ಕೆ ಮರುಳಾಗಿ ಆ ಪಕ್ಷಕ್ಕೆ ಸೇರಿದ ಶಲ್ಯನನ್ನು ಯುಧಿಷ್ಠಿರನು ಬೇಡಿಕೊಳ್ಳುವನು: ಕರ್ಣನಿಗೆ ನೀನು ಸಾರಥಿಯಾಗುವ ದಿನ ಅವನ ತೇಜೋವಧೆಯನ್ನು ಮಾಡು ಎಂದು. ಶಲ್ಯನು ಹಾಗೆಯೇ ರಥದ ಮೇಲೆ, ಕರ್ಣನ ಕಿವಿಗೇ ಕೇಳುವಂತೆ, ಮುಖಕ್ಕೆ ಮುಖ ಕೊಟ್ಟು ಅವನನ್ನು ಜರೆದನು. ಅದು ಯುದ್ಧಕ್ಕೆ ಹೊರಟವನ ಎದೆಯನ್ನು ಕುಗ್ಗಿಸುವ ಉಪಾಯ. ಧರ್ಮರಾಜನಿಗೇ ಅದು ಮಾಡಬಾರದ ಕಾರ್ಯವೆಂಬುದು ಗೊತ್ತಿತ್ತು. ಗ್ರಾಮಸಭೆಯಲ್ಲಿ ಖರ್ಚಿನ ಪಟ್ಟಿಯನ್ನು ಓದಿಸಿರೆಂದು ಕೇಳುವ ರೈತನು ಶಲ್ಯನಲ್ಲ, ಉತ್ತರ ಕೊಡಬೇಕಾದವನು ಕರ್ಣನಂತೂ ಅಲ್ಲವೇ ಅಲ್ಲ.

ಅಧಿಕಾರವು ಹೀಗೆ ಶಬ್ದಗಳನ್ನು ಕಲಸಿದುದು ಹೊಸತಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ವೃತ್ತಪತ್ರಿಕೆಗಳನ್ನು ಹತೋಟಿಯಲ್ಲಿಡುವ ಕಾನೂನನ್ನು ತಂದಾಗ, ಸರ್ಕಾರದ ಲೋಪಗಳನ್ನು ಬಹುಕಾಲದಿಂದ ಹೆಸರಿಟ್ಟು ಬರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಆ ಕಟ್ಟಿಗೊಳಪಟ್ಟು ಪತ್ರಿಕೆ ನಡೆಸುವುದಕ್ಕಿಂತ ನಿಲ್ಲಿಸುವುದೇ ಮೇಲೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅವರನ್ನು ‘ತಾತಯ್ಯ’ನೆಂದು ಕರೆದ ಮೈಸೂರಿನ ಜನರಿಗೆ ಪರಿವಾದಕ್ಕೂ ನಿಂದೆಗೂ ಇರುವ ಭೇದವು ಕೋಶವನ್ನು ನೋಡದೆಯೇ ತಿಳಿದಿದ್ದಿತು.

‘ಇಷ್ಟು ಗೋಜೇಕೆ? ಸಜ್ಜನನು ಯಾರ ಕೆಟ್ಟದ್ದನ್ನೂ ಆಡಕೂಡದು, ಅಲ್ಲಿಗೆ ಮುಗಿಯಿತು’ ಎನ್ನುವ ಮಹನೀಯರು ಬಹಳವಿರುವರು. ಈ ಮಾತಿನ ಮಾಧುರ್ಯವೇ ಅದರ ಅಪಾಯ. ಮನುವು ಹನ್ನೆರಡನೆಯ ಅಧ್ಯಾಯದಲ್ಲಿ ಮಾತಿನ ಪಾಪಗಳನ್ನು ನಾಲ್ಕಾಗಿ ಎಣಿಸಿರುವನು: ಪಾರುಷ್ಯ, ಅನೃತ, ಪೈಶುನ್ಯ, ಅಸಂಬದ್ಧಪ್ರಲಾಪ. ಬೌದ್ಧರ ಹತ್ತು ಅಕುಶಲಕರ್ಮಗಳಲ್ಲಿಯೂ ಮಾತಿಗೆ ಸಂಬಂಧಿಸಿದವು ಇವೇ ನಾಲ್ಕು. 1961ರಿಂದ ಟಿಬೆಟಿನವರು ನೆಲೆಸಿರುವ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ವಿಹಾರಗಳಲ್ಲಿ ಭಿಕ್ಷುಗಳು ಇಂದಿಗೂ ಅವನ್ನು ತಮ್ಮ ಭಾಷೆಯಲ್ಲಿ ಓದುತ್ತಿರುವರು. ಎರಡು ಬೇರೆಬೇರೆ ಮತಗಳು ಒಪ್ಪಿದ ಈ ಪಟ್ಟಿಯಲ್ಲಿ ಒರಟುತನವಿದೆ, ಸುಳ್ಳಿದೆ, ಒಡೆದುಹಾಕುವ ಮಾತಿದೆ, ಹುರುಳಿಲ್ಲದ ಹರಟೆಯಿದೆ. ಇರುವ ದೋಷವನ್ನು ಕೇಳಬೇಕಾದವರ ಮುಂದೆ ಮೆಲ್ಲನೆ ಹೇಳುವುದು ಇಲ್ಲ. ಬೌದ್ಧರು ಪೈಶುನ್ಯವನ್ನು ಗುರುತಿಸುವುದು ಅದರ ಉದ್ದೇಶದಿಂದ: ಕೂಡಿದವರನ್ನು ಅಗಲಿಸುವ ಮಾತು ಅದು, ನಿಜವಾಗಿದ್ದರೂ ಸುಳ್ಳಾಗಿದ್ದರೂ. ಪಂಚತಂತ್ರದ ದಮನಕನು ಸಿಂಹಕ್ಕೂ ಎತ್ತಿಗೂ ಮಾಡಿದುದು ಅದನ್ನೇ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಆ ಕಥೆಯನ್ನು ಕನ್ನಡಿಗರಿಗೆ ಹೇಳಿದನು. ಪುರಂದರದಾಸರಂತೂ ನಿಂದಕರು ಇರಲೇಬೇಕೆಂದು ಹಾಡಿ, ಕೇರಿಯನ್ನು ಶುದ್ಧಗೊಳಿಸುವ ಹಂದಿಗೆ ಅವರನ್ನು ಹೋಲಿಸಿರುವರು. ಹೋಲಿಕೆಯು ನಿಂದಕನಿಗೆ ಮರ್ಯಾದೆಯನ್ನೇನೂ ತರುವುದಿಲ್ಲ. ಆದರೆ ಕೇರಿಯಲ್ಲಿ ಕೊಳೆಯಿದೆಯೆಂಬುದನ್ನು ದಾಸರು ಮುಚ್ಚಿಡಲಿಲ್ಲ.

ಸಾಹಿತ್ಯದ ಮನೆಯೊಳಗೂ ಈ ಸಜ್ಜನಿಕೆಯು ಹೊಕ್ಕಿದೆ. ಹಳೆಯ ಕವಿಗಳು ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ತುತಿಸಿ ಕುಕವಿಗಳನ್ನು ನಿಂದಿಸುತ್ತಿದ್ದರು. ಈಗ ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಸ್ತುತಿ, ವೇದಿಕೆಯಿಂದಿಳಿದು ಕಾರು ಹತ್ತುವಾಗ ನಿಂದೆ. ನಡುವೆ ಇರಬೇಕಾಗಿದ್ದ ವಿಮರ್ಶೆಯು ಎಲ್ಲಿಯೂ ಕಾಣುವುದಿಲ್ಲ. ಗ್ರಂಥಕರ್ತನಿಗೆ ತನ್ನ ಹತ್ತನೆಯ ಪುಸ್ತಕದಲ್ಲಿಯೂ ಮೊದಲನೆಯದರ ತಪ್ಪುಗಳೇ ಉಳಿಯುವುವು, ಹೇಳಿದವರಿಲ್ಲ.

ಇವೆಲ್ಲವನ್ನೂ ಕ್ಷಮಿಸಬಹುದು. ಕ್ಷಮಿಸಲಾಗದುದು ಶಾಲೆಯಲ್ಲಿ ನಡೆಯುತ್ತಿರುವುದು. ದೂರು ಬೇರೆ, ಚಾಡಿ ಬೇರೆ. ತನಗಾದ ಕೇಡನ್ನು ಪರಿಹಾರ ಮಾಡಬಲ್ಲವರ ಮುಂದೆ ಹೇಳುವುದು ದೂರು. ಮತ್ತೊಬ್ಬನಿಗೆ ಕೇಡಾಗಲೆಂದು ಹೇಳುವುದು ಚಾಡಿ. ಏಳು ವರ್ಷದ ಹುಡುಗಿಯು ಬಳಪ ಕಿತ್ತುಕೊಂಡವನ ಮೇಲೆ ಹೇಳಲು ಬಂದರೂ ಉಪಾಧ್ಯಾಯರ ಉತ್ತರ, ‘ಚಾಡಿ ಹೇಳಬೇಡ, ಹೋಗು.’ ಹಾಡಿಯಿಂದ ಬಂದ ಹುಡುಗನು ತನ್ನನ್ನು ಕರೆದ ಹೆಸರನ್ನು ಹೇಳಲು ಬಂದರೂ ಅದೇ ಉತ್ತರ. ಬೆನ್ನ ಮೇಲಿನ ಬಾಸುಂಡೆಯನ್ನು ತೋರಿಸಲು ಬಂದರೂ ಅದೇ. ಮೂರು ಬಾರಿ ಈ ಉತ್ತರವನ್ನು ಕೇಳಿದ ಮಗುವು, ಬಸ್ಸಿನಲ್ಲಿಯೋ ಪಾಠದ ಮನೆಯಲ್ಲಿಯೋ ಸ್ವಂತ ನೆಂಟನಿಂದಲೋ ತನ್ನ ಮೈಗೆ ಆಗಬಾರದುದಾದಾಗ ನಾಲ್ಕನೆಯ ಬಾರಿ ಬರುವುದಿಲ್ಲ. ಅದಕ್ಕೆ ದೂರಿನ ಶಬ್ದವನ್ನು ಯಾರೂ ಕಲಿಸಲಿಲ್ಲ. ಚಾಡಿಯ ಲಜ್ಜೆಯನ್ನು ಎಲ್ಲರೂ ಕಲಿಸಿದರು. ಮನೆಗೆ ಬಂದು ತಾಯಿಯ ಹತ್ತಿರ ಹೇಳಿದರೆ ‘ದೊಡ್ಡವರ ಮೇಲೆ ಹಾಗೆಲ್ಲ ಆಡಬಾರದು’ ಎಂಬ ಉಪದೇಶವು ಸಿದ್ಧವಾಗಿರುವುದು.

ಇಲ್ಲಿಯೇ ಕಿವಿ ಮುಚ್ಚಿಕೊಳ್ಳುವ ಆ ಹಳೆಯ ವಿಧಿಯನ್ನು ಕೆಲವರು ಮುಂದಕ್ಕೆ ತರುವರು. ಗುರುವಿನ ಪರಿವಾದವನ್ನು, ಎಂದರೆ ನಿಜವಾದ ದೋಷವನ್ನೂ, ಕೇಳಬಾರದೆಂದಿದೆಯಲ್ಲ ಎನ್ನುವರು. ಆ ವಿಧಿಯು ಶಿಷ್ಯನ ವಿನಯಕ್ಕೆ ಹೇಳಿದುದೇ ಹೊರತು, ಮಕ್ಕಳ ರಕ್ಷಣೆಗೆ ನೇಮಿತನಾದವನ ಕಿವಿಗೆ ಹೇಳಿದುದಲ್ಲ. ಒಂದು ವೇಳೆ ಹೇಳಿದ್ದರೂ ಇಂದು ಅದು ನಡೆಯದು. 2009ರ ಶಿಕ್ಷಣ ಹಕ್ಕು ಕಾನೂನಿನ 17ನೆಯ ಪ್ರಕರಣವು ಮಕ್ಕಳನ್ನು ದಂಡಿಸುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವುದಕ್ಕಾಗಿ 2012ರಲ್ಲಿ ಆದ ಪೋಕ್ಸೊ ಕಾನೂನಿನ 19ನೆಯ ಪ್ರಕರಣದಂತೆ, ಅಂಥ ಅಪರಾಧವು ನಡೆದಿದೆಯೆಂದು ತಿಳಿದವನು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಕಿವಿ ಮುಚ್ಚಿಕೊಂಡವನಿಗೆ 21ನೆಯ ಪ್ರಕರಣದಲ್ಲಿ ಸೆರೆವಾಸದ ಶಿಕ್ಷೆಯಿದೆ. ಇನ್ನೊಬ್ಬನ ಮೇಲಿನ ದ್ವೇಷದಿಂದ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ 22ನೆಯ ಪ್ರಕರಣದಲ್ಲಿ ಶಿಕ್ಷೆಯುಂಟು. ಆದರೆ ಮಗುವು ಹೇಳಿದುದು ಸುಳ್ಳೆಂದು ಕಂಡುಬಂದರೂ ಮಗುವಿಗೆ ಶಿಕ್ಷೆಯಿಲ್ಲ. ಮಗುವಿನ ಬಾಯಿ ತೆರೆದಿರುವುದೇ ಮುಖ್ಯ, ನಿಜಸುಳ್ಳುಗಳ ಶೋಧನೆಯು ದೊಡ್ಡವರ ಕೆಲಸ ಎಂಬ ವಿವೇಕವು ಈ ಏರ್ಪಾಡಿನಲ್ಲಿದೆ. ಕೌಟಿಲ್ಯನ ತಕ್ಕಡಿಗಿಂತಲೂ ಇದು ಸೂಕ್ಷ್ಮವಾದುದೆಂದು ಒಪ್ಪಲು ಯಾವ ಸಂಸ್ಕೃತಜ್ಞನೂ ಹಿಂಜರಿಯಬೇಕಾಗಿಲ್ಲ.

ಎಷ್ಟೋ ಶಾಲೆಗಳ ಗೋಡೆಯ ಮೇಲೆ ಹಿತವಚನಗಳ ಸಾಲು ಇರುವುದಷ್ಟೆ. ಅದರಲ್ಲಿ ಚಾಡಿ ಹೇಳಬಾರದೆಂಬ ಮಾತಿದ್ದರೆ ಅಳಿಸುವುದು ಬೇಡ. ಅದರ ಕೆಳಗೆ, ದೂರಿದ್ದರೆ ಹೇಳಬೇಕು, ಯಾರಿಗೆ ಹೇಳಬೇಕು, ಅವರು ಕೇಳದಿದ್ದರೆ ಮಕ್ಕಳ ಸಹಾಯವಾಣಿಯ ಸಂಖ್ಯೆಯು 1098 ಎಂದು ಇನ್ನೊಂದು ಸಾಲನ್ನು, ಒಂದನೆಯ ತರಗತಿಯ ಮಗುವಿನ ಕಣ್ಣಿಗೆ ಎಟುಕುವ ಎತ್ತರದಲ್ಲಿ, ಬರೆಯಿಸಲು ಒಂದು ಡಬ್ಬಿ ಬಣ್ಣವೂ ಪೂರ್ತಿ ಖರ್ಚಾಗದು.